ಬೇಗ ಬೆಳೆಯುವ ಮರ, ಬಹುಕಾಲ ಬಾಳುವ ಮನೆ

(ರಾಜ್ಯೋತ್ಸವದ ಅಂಗವಾಗಿ ಡೊಂಬಿವಲಿಯಲ್ಲಿ ಮಾಡಿದ ಭಾಷಣದ ಬರೆಹರೂಪ)



ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತವನು ಕನ್ನಡ ನುಡಿಯ ಹಿರಿಮೆಯನ್ನು ಹೇಳುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ವೇದಿಕೆಯ ಮೇಲೆಯೇ ಕುಳಿತಿದ್ದಾರೆ. ನಾನಾದರೋ ಮೂವತ್ತು ವರ್ಷ ಒಬ್ಬ ಮರದ ವ್ಯಾಪಾರಿಗಳ ಬಳಿ ಲೆಕ್ಕ ಬರೆದವನು. ದಿಮ್ಮಿ, ತೊಲೆ, ಹಲಗೆ, ಘನ ಅಡಿ, ಇವು ನನಗೆ ಗೊತ್ತಿರುವ ವ್ಯಾಕರಣ. ಆದ್ದರಿಂದ ಅಧ್ಯಕ್ಷರು ನನ್ನನ್ನು ಕರೆದಾಗ, "ನನಗೆ ಮರದ ಮಾತಲ್ಲದೆ ಬೇರೆ ಮಾತು ಬಾರದು" ಎಂದೆ. "ಮರದ ಮಾತನ್ನೇ ಆಡಿರಿ, ಆದರೆ ಕನ್ನಡದಲ್ಲಿ ಆಡಿರಿ" ಎಂದು ಅವರು ಅಪ್ಪಣೆ ಕೊಟ್ಟರು. ಹಾಗಾಗಿ ಈ ಧೈರ್ಯ.

ಈ ವಿಷಯವನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎರಡೆಕರೆಯೋ ನಾಲ್ಕೆಕರೆಯೋ ಹೊಲವಿದೆ. ನಾವು ಇಲ್ಲಿ ಲೋಕಲ್ ಗಾಡಿಯಲ್ಲಿ ನೇತಾಡಿ ಸಂಸಾರ ನಡೆಸುತ್ತೇವೆ; ಹೊಲ ಅಲ್ಲಿ ತಮ್ಮನ ಕೈಯಲ್ಲೋ ಪಾಲಿಗೆ ಮಾಡುವವರ ಕೈಯಲ್ಲೋ ಇರುತ್ತದೆ. ಹೋದ ವರ್ಷ ಹಾವೇರಿ ಜಿಲ್ಲೆಯ ನಮ್ಮ ಊರಿನಿಂದ ನನ್ನ ತಮ್ಮ ಫೋನು ಮಾಡಿದ: "ಅಣ್ಣಾ, ಆಳಿನ ಪಗಾರ ಭಾಳ ತುಟ್ಟಿ ಆಗೇತಿ. ನಾಕೂ ಎಕರೇಕ ಗಿಡಾ ಹಚ್ಚಿಬಿಡೂಣೇನು? ಏಳೆಂಟು ವರ್ಷಕ್ಕ ಲಕ್ಷಗಟ್ಲೆ ಬರತೈತಂತ." ಇಂಥ ಫೋನು ನಿಮಗೂ ಬಂದಿರಬಹುದು, ಬಾರದಿದ್ದರೆ ನಾಳೆ ಬಂದೀತು. ಅದಕ್ಕೆ ಏನು ಉತ್ತರ ಕೊಡಬೇಕು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ನಾವಿರುವ ಈ ಸೀಮೆಯಿಂದಲೇ ಆರಂಭಿಸುತ್ತೇನೆ. ಕಲ್ಯಾಣವೆಂದರೆ ನಮಗೆ ಗಾಡಿ ಬದಲಾಯಿಸುವ ಜಂಕ್ಷನ್ನು. ಆದರೆ ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಬರಹಗಾರ 'ಕಲ್ಲಿಯಾನ' ಎಂಬ ದೊಡ್ಡ ಬಂದರನ್ನು ಹೆಸರಿಸಿ, ಅಲ್ಲಿಂದ ತಾಮ್ರ, ಬಟ್ಟೆಗಳೊಡನೆ ಮರದ ದಿಮ್ಮಿಗಳೂ ಹೊರದೇಶಕ್ಕೆ ಹೋಗುತ್ತಿದ್ದುವೆಂದು ಬರೆದಿದ್ದಾನೆ. ಅದು ನಮ್ಮ ಕಲ್ಯಾಣವೇ ಎಂದು ವಿದ್ವಾಂಸರ ಮತ. ಹದಿನೇಳನೆಯ ಶತಮಾನದಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ-ಭಿವಂಡಿಗಳನ್ನು ಗೆದ್ದಮೇಲೆ ಇಲ್ಲಿಯ ಖಾಡಿಯಲ್ಲಿಯೇ ಹಡಗು ಕಟ್ಟಿಸಲು ತೊಡಗಿದರು. ಮುಂದೆ ಮುಂಬಯಿಯ ಗೋದಿಯಲ್ಲಿ ವಾಡಿಯಾ ಮನೆತನದವರು ತೇಗದ ಹಡಗುಗಳನ್ನು ಕಟ್ಟಿದರು. ೧೮೧೭ರಲ್ಲಿ ಅಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ಹಡಗು ಎರಡು ನೂರು ವರ್ಷ ಕಳೆದರೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ತೇಗವೆಂದರೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪಶ್ಚಿಮ ಘಟ್ಟದ ತೇಗ ಹೀಗೆ ಕಡಲ ದಾರಿ ಹಿಡಿಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆ ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡಿಗೆ ಮರಳಿತು. ನಡುವಿನ ಆ ತೊಂಬತ್ತು ನಾಲ್ಕು ವರ್ಷ ದಾಂಡೇಲಿ, ಸೂಪಾ, ಯಲ್ಲಾಪುರದ ಕಾಡಿನ ಆಡಳಿತವೆಲ್ಲ ಮುಂಬಯಿಯ ಕೈಯಲ್ಲಿತ್ತು. ಇತ್ತ ೧೮೫೩ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಅದು ಕಲ್ಯಾಣ ಮುಟ್ಟಿತು. ಹಳಿ ಹಾಸಲು ಮರದ ಸ್ಲೀಪರು ಬೇಕು, ಅವು ಹಾಳಾದಂತೆಲ್ಲ ಬದಲಾಯಿಸಬೇಕು. ದೇಶದ ಕಾಡುಗಳು ಎಷ್ಟು ಬೇಗನೆ ಕರಗಿದುವೆಂದರೆ, ೧೮೬೪ರಲ್ಲಿ ಸರಕಾರ ಅರಣ್ಯ ಇಲಾಖೆಯನ್ನೇ ಸ್ಥಾಪಿಸಬೇಕಾಯಿತು. ಇಂದು ನಾವು ಕಾಂಕ್ರೀಟಿನ ಸ್ಲೀಪರಿನ ಮೇಲೆ ಓಡಾಡುತ್ತೇವೆ. ಆದರೆ ಮೊದಲ ಹಳಿಗಳ ಸಾಲವನ್ನು ತೀರಿಸಿದ್ದು ಕಾಡು.

ಅರಣ್ಯಶಾಸ್ತ್ರದ ಮೂಲಸೂತ್ರ ಒಂದೇ. ನಿಮಗೆಲ್ಲ ಬ್ಯಾಂಕಿನ ಠೇವಣಿ ಗೊತ್ತು. ಬಡ್ಡಿಯನ್ನು ಉಣ್ಣಬಹುದು, ಅಸಲನ್ನು ಮುಟ್ಟಬಾರದು. ಕಾಡೂ ಹಾಗೆಯೇ. ಒಂದು ಜಾತಿಯ ಮರ ಬಲಿಯಲು ಅರವತ್ತು ವರ್ಷ ಬೇಕಾದರೆ, ವರ್ಷಕ್ಕೆ ಅರವತ್ತರಲ್ಲಿ ಒಂದು ಪಾಲು ಮಾತ್ರ ಕಡಿದು, ಕಡಿದಲ್ಲಿ ಮತ್ತೆ ನೆಡಬೇಕು. ಕೇರಳದ ನಿಲಂಬೂರಿನಲ್ಲಿ ೧೮೪೦ರ ದಶಕದಲ್ಲಿ ನೆಡಲಾರಂಭಿಸಿದ ತೇಗದ ತೋಟ ಈ ಲೆಕ್ಕದಿಂದಲೇ ಹೆಸರಾದದ್ದು. ಆದರೆ ಅರವತ್ತು ವರ್ಷ ಕಾಯುವ ತಾಳ್ಮೆ ಸರಕಾರಕ್ಕೆ ಇದ್ದೀತು. ಬಡ ರೈತನಿಗೆ ಎಲ್ಲಿಂದ ಬರಬೇಕು? ಆರು ವರ್ಷಕ್ಕೇ ಬಲಿಯುವ ಮರವಿದ್ದರೆ, ಆರು ತುಂಡು ಭೂಮಿಯುಳ್ಳವನು ವರ್ಷಕ್ಕೊಂದು ತುಂಡು ಕಡಿದು, ಒಂದು ತುಂಡು ನೆಟ್ಟು, ಬಡ್ಡಿಯಲ್ಲಿಯೇ ಬದುಕಬಹುದು. ಬೇಗ ಬೆಳೆಯುವ ಮರದ ನಿಜವಾದ ಆಕರ್ಷಣೆ ಇದು. ಬಂಡವಾಳ ಕಡಮೆಯಿರುವ, ಜನ ಹೆಚ್ಚಿರುವ, ಕಾಡು ಕರಗುತ್ತಿರುವ ನಮ್ಮಂಥ ದೇಶಗಳಿಗೆ ಇದು ವರವೇ ಸರಿ. ವರ ಶಾಪವಾಗುವುದು ಎಲ್ಲಿ ಎಂಬುದನ್ನು ತಿಳಿಯಲು ನಮ್ಮ ನಾಡಿನದೇ ಮೂರು ಕಥೆಗಳನ್ನು ಹೇಳುತ್ತೇನೆ.

ಮೊದಲನೆಯದು ಕಾರವಾರದ ಗಾಳಿಮರದ್ದು. ಕರಾವಳಿಯವರು ಇದನ್ನು ಸರ್ವೆ ಮರವೆಂದೂ ಅನ್ನುತ್ತಾರೆ. ೧೮೬೮ರ ಸುಮಾರಿಗೆ, ಸೌದೆಯ ಕೊರತೆ ನೀಗಲೆಂದು, ಇದನ್ನು ಕಾರವಾರದ ಉಸುಕಿನಲ್ಲಿ ತಂದು ನೆಟ್ಟರು. ಬೇರೇನೂ ಬೆಳೆಯದ ಮರಳಿನಲ್ಲಿ ಈ ಮರ ನಿಂತಿತು. ಅದರ ಬೇರಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಅದಕ್ಕೆ ಉಣಿಸುತ್ತವೆ. ಕಡಲಗಾಳಿಯನ್ನು ತಡೆಯಿತು, ಉಸುಕನ್ನು ಹಿಡಿಯಿತು, ಒಲೆಗೆ ಉರುವಲಾಯಿತು, ಚಪ್ಪರಕ್ಕೆ ಕಂಬವಾಯಿತು. ಯಾರ ಗದ್ದೆಯನ್ನೂ ಕಸಿಯದೆ, ಖಾಲಿಯಿದ್ದ ಜಾಗದಲ್ಲಿ, ಜನರಿಗೆ ಬೇಕಾದ ವಸ್ತುವಾಗಿ ಬೆಳೆಯಿತು. ಪರದೇಶದ ಮರವೆಂದು ಇದನ್ನು ಯಾರೂ ಬೈದದ್ದನ್ನು ನಾನು ಕೇಳಿಲ್ಲ.

ಎರಡನೆಯದು ದಾಂಡೇಲಿಯ ಬಿದಿರಿನದು. ಬಿದಿರಿನಷ್ಟು ಬೇಗ ಬೆಳೆಯುವುದು ಬೇರೊಂದಿಲ್ಲ. ಮಳೆಗಾಲದಲ್ಲಿ ಅದರ ಕಳಲೆ ದಿನದಿನಕ್ಕೆ ಏರುವುದನ್ನು ಕಣ್ಣಿಂದಲೇ ಕಾಣಬಹುದು. ೧೯೫೫ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಗೆ ಸರಕಾರ ಕಾಡಿನ ಬಿದಿರನ್ನು ಅತ್ಯಲ್ಪ ಬೆಲೆಗೆ ಕೊಟ್ಟಿತು. ಕಾಡಿನಲ್ಲಿ ಎಷ್ಟು ಬಿದಿರಿದೆ ಎಂಬ ಮೊದಲ ಅಂದಾಜು ಬಹಳ ಹಿಗ್ಗಿದ ಅಂದಾಜಾಗಿತ್ತು. ಎಪ್ಪತ್ತರ ದಶಕಕ್ಕೆ ಬಿದಿರು ಕ್ಷೀಣಿಸಿತು. ಬುಟ್ಟಿ ಹೆಣೆದು ಬದುಕುವ ಮೇದಾರರು ದೂರು ಹೇಳಿದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪರೀಕ್ಷಿಸಿ ನೋಡಿದರು. ಒಂದು ಸಣ್ಣ ಸಂಗತಿ ನನಗೆ ಮರೆಯದಂತೆ ಉಳಿದಿದೆ. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆಯೊಂದಿರುತ್ತದೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಶಾಸ್ತ್ರದ ಹೆಸರಿನಲ್ಲಿ ಆ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಮುಳ್ಳು ಹೋದೊಡನೆ ದನಕರು, ಕಾಡುಪ್ರಾಣಿಗಳು ಎಳೆಯ ಕಳಲೆಯನ್ನು ತಿಂದುಬಿಟ್ಟುವು. ಮೆಳೆಗೆ ವಂಶವೇ ಇಲ್ಲವಾಯಿತು. ಮುಳ್ಳು ಏಕಿದೆ ಎಂಬುದನ್ನು ಕೇಳಿದ್ದರೆ ಹಳ್ಳಿಯವರು ಹೇಳುತ್ತಿದ್ದರು, ಕೇಳಿದವರಿಲ್ಲ. ಬೇಗ ಬೆಳೆಯುತ್ತದೆಂದ ಮಾತ್ರಕ್ಕೆ ಅದು ಅಕ್ಷಯಪಾತ್ರೆಯಲ್ಲ. ಬೆಳೆಯುವುದಕ್ಕಿಂತ ಬೇಗ ಕಡಿದರೆ ಬಿದಿರೂ ಮುಗಿಯುತ್ತದೆ.

ಮೂರನೆಯದು ನೀಲಗಿರಿಯದು. ೧೭೯೦ರ ಸುಮಾರಿಗೆ ಟಿಪ್ಪು ಸುಲ್ತಾನನ ನಂದಿಬೆಟ್ಟದ ತೋಟದಲ್ಲಿ ಬೆಳೆದ ಈ ಮರದ ಸಂತತಿ 'ಮೈಸೂರು ಗಮ್' ಎಂಬ ಹೆಸರಿನಲ್ಲಿ ದೇಶವನ್ನೆಲ್ಲ ಹಬ್ಬಿತು. ಆರೇಳು ವರ್ಷಕ್ಕೆ ಕಡಿಯಬಹುದು. ಕಡಿದ ಬುಡವೇ ಮತ್ತೆ ಚಿಗುರುತ್ತದೆ. ದನ ತಿನ್ನುವುದಿಲ್ಲ, ಕಾವಲು ಬೇಕಿಲ್ಲ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ, ವಿಶ್ವಬ್ಯಾಂಕಿನ ಸಾಲದ ನೆರವಿನಿಂದ, ಸಸಿಗಳನ್ನು ಹಂಚಲಾಯಿತು. ಊರವರಿಗೆ ಸೌದೆ ಒದಗಲೆಂಬುದು ಉದ್ದೇಶ. ಆದದ್ದು ಬೇರೆ. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿ ಎದ್ದಿತು. ಮರ ಕಾರ್ಖಾನೆಗೂ ಪೇಟೆಗೂ ಹೋಯಿತು. ಮುಂದಾಗಿ ನೆಟ್ಟವರು ಯಾರು? ಹೊಲದ ಮೇಲೆ ಹೊಟ್ಟೆ ಹೊರೆಯಬೇಕಾದ ಅಗತ್ಯವಿಲ್ಲದವರು, ಪಟ್ಟಣದಲ್ಲಿ ನೌಕರಿಯುಳ್ಳವರು. ಎಂದರೆ, ಕ್ಷಮಿಸಿರಿ, ನಮ್ಮಂಥವರು. ರಾಗಿಯ ಹೊಲ ವರ್ಷಕ್ಕೆ ಎಷ್ಟೋ ದಿನ ಕೂಲಿ ಕೊಡುತ್ತದೆ: ಹರಗುವುದು, ಬಿತ್ತುವುದು, ಕಳೆ ತೆಗೆಯುವುದು, ಕೊಯ್ಯುವುದು, ಒಕ್ಕುವುದು. ನೀಲಗಿರಿ ನೆಡುವಾಗ ನಾಲ್ಕು ದಿನ, ಕಡಿಯುವಾಗ ನಾಲ್ಕು ದಿನ. ನಡುವೆ ಕೂಲಿಯವನು ಏನು ತಿನ್ನಬೇಕು?

ನೀಲಗಿರಿ ನೀರು ಕುಡಿಯುತ್ತದೆಯೇ ಎಂಬ ವಾದ ಬಹಳ ನಡೆದಿದೆ. ಕರ್ನಾಟಕದಲ್ಲಿಯೇ ಇದನ್ನು ಅಳೆದು ನೋಡಿದ್ದಾರೆ. ಫಲಿತಾಂಶ ತೊಂಬತ್ತರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಶಿವಮೊಗ್ಗ ಸೀಮೆಯ ಸಾಧಾರಣ ಆಳದ ಮಣ್ಣಿನಲ್ಲಿ ಎಳೆಯ ನೀಲಗಿರಿ ಅಲ್ಲಿಯ ಸಹಜವಾದ ಒಣಕಾಡಿಗಿಂತ ಹೆಚ್ಚು ನೀರನ್ನೇನೂ ಎಳೆಯಲಿಲ್ಲ. ಆದರೆ ರಾಗಿಯ ಬೆಳೆಗೆ ಹೋಲಿಸಿದರೆ ಸುಮಾರು ಇಮ್ಮಡಿ ನೀರು ಬೇಕಾಯಿತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಅದು ವರ್ಷದ ಮಳೆಯನ್ನೂ ಮೀರಿ, ನೆಲದಾಳದಲ್ಲಿ ಕೂಡಿಟ್ಟಿದ್ದ ತೇವವನ್ನೂ ಬೇರಿನಿಂದ ತೆಗೆದು ಕುಡಿಯಿತು. ಇದರಿಂದ ತಿಳಿಯುವುದೇನು? ಮರ ರಾಕ್ಷಸನೂ ಅಲ್ಲ, ದೇವತೆಯೂ ಅಲ್ಲ. ಬೋಳುಗುಡ್ಡದಲ್ಲಿ ಸಲ್ಲುವ ಮರ ಬಾವಿ ಬತ್ತುವ ಬಯಲಿನಲ್ಲಿ ಸಲ್ಲದು. ಕೊನೆಗೆ ೨೦೧೭ರಲ್ಲಿ ಕರ್ನಾಟಕ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು.

ನಮ್ಮ ಜಿಲ್ಲೆಯ ಕುಸನೂರಿನ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಸರಕಾರವೂ ಹರಿಹರದ ಕಾರ್ಖಾನೆಯೂ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಗೆ, ಹಳ್ಳಿಗರು ದನ ಮೇಯಿಸಿ ಸೌದೆ ಆಯುತ್ತಿದ್ದ ಸುಮಾರು ೩೦ ಸಾವಿರ ಹೆಕ್ಟೇರು ಭೂಮಿಯನ್ನು ನೀಲಗಿರಿ ಬೆಳೆಸಲು ಗೊತ್ತುಮಾಡಿದ್ದರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜನರನ್ನು ಒಗ್ಗೂಡಿಸಿದರು, ಡಾ. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೊಕದ್ದಮೆಯಲ್ಲಿ ಅರ್ಜಿದಾರರಾಗಿ ನಿಂತರು. ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತ ಗುಂಡಿಯಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ಹಚ್ಚಿದರು. ಬರಿಯ ಕಿತ್ತಾಟವಲ್ಲ, ಹಚ್ಚಾಟವೂ ಇತ್ತು ಎಂಬುದನ್ನು ಗಮನಿಸಿರಿ. ಮುಂದೆ ಆ ಕಂಪನಿಯೇ ಮುಚ್ಚಿಹೋಯಿತು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯೂ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಸಹಜ ಕಾಡಿನಿಂದಲ್ಲ, ರೈತರೊಡನೆ ನೇರ ಸಂಬಂಧ ಬೆಳೆಸಿ ಪಡೆಯಬೇಕೆಂದು ಹೇಳಿತು.

ಇನ್ನು ನನ್ನ ಸ್ವಂತ ಮೂರ್ಖತನದ ಕಥೆ. ತೊಂಬತ್ತರ ದಶಕದಲ್ಲಿ ತೇಗದ ತೋಟದ ಕಂಪನಿಗಳು ನಾಯಿಕೊಡೆಯಂತೆ ಎದ್ದುವು. ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಪತ್ರಿಕೆಯ ತುಂಬ ಜಾಹೀರಾತು: ಒಂದು ಸಸಿಗೆ ಒಂದು ಸಾವಿರ ಕೊಡಿರಿ, ಇಪ್ಪತ್ತು ವರ್ಷಕ್ಕೆ ಐವತ್ತು ಸಾವಿರ ಪಡೆಯಿರಿ. ನಾನು ಐದು ಸಸಿ ಕೊಂಡೆ. ಮಗಳ ಮದುವೆಗೆಂದು ನನ್ನವಳು ಚೀಟಿಯಲ್ಲಿ ಕೂಡಿಸಿದ್ದ ಹಣ ಅದು. ಬಣ್ಣದ ಸರ್ಟಿಫಿಕೇಟು ಬಂತು, ಮೇಲೆ ತೇಗದ ಎಲೆಯ ಚಿತ್ರ. ಎರಡು ವರ್ಷ ಕಳೆದಮೇಲೆ ವಿಚಾರಿಸಲು ಹೋದರೆ ಆಫೀಸಿಗೆ ಬೀಗ. ಅಕ್ಕಪಕ್ಕದ ಅಂಗಡಿಯವರಿಗೂ ವಿಳಾಸ ಗೊತ್ತಿಲ್ಲ. ಇಂಥ ಯೋಜನೆಗಳಿಗೆ ಕಡಿವಾಣ ಹಾಕುವ ನಿಯಮಗಳನ್ನು ಸೆಬಿ ಸಂಸ್ಥೆ ೧೯೯೯ರಲ್ಲಿ ತಂದಿತು. ಅಷ್ಟು ಹೊತ್ತಿಗೆ ನನ್ನ ಐದು ಸಸಿಗಳು ಯಾವ ನೆಲದಲ್ಲಿಯೂ ಇರಲಿಲ್ಲ.

ನನ್ನನ್ನು ನಾಚಿಸಿದ್ದು ಹಣ ಹೋದದ್ದಲ್ಲ. ಹಗಲೆಲ್ಲ ತೇಗದ ಲೆಕ್ಕ ಬರೆಯುವವನು ನಾನು. ತೇಗದ ಬೆಲೆಯೆಲ್ಲ ಅದರ ಒಳತಿರುಳಿನಲ್ಲಿ. ಹೊರಗಿನ ಬಿಳಿಮರಕ್ಕೆ ಹುಳು ಹಿಡಿಯುತ್ತದೆ. ಇಪ್ಪತ್ತು ವರ್ಷದ ಮರಕ್ಕೆ ಅರವತ್ತು ವರ್ಷದ ಮರದ ತಿರುಳು ಎಲ್ಲಿಂದ ಬರಬೇಕು? ಇದು ನನಗೆ ಗೊತ್ತಿತ್ತು. ಆದರೂ ಜಾಹೀರಾತನ್ನು ಓದುವಾಗ ಮರೆತೆ. "ಮರದ ಗುಣ ಬಲ್ಲ ನೀವೇ ಹೀಗೆ ಮಾಡಿದರೆ ಬೇರೆಯವರ ಪಾಡೇನು?" ಎಂದು ನನ್ನವಳು ಒಂದೇ ಮಾತು ಕೇಳಿದಳು. ಆ ಪ್ರಶ್ನೆಗೆ ಉತ್ತರವಾಗಿಯೇ ಇಂದು ಇಲ್ಲಿ ನಿಂತಿದ್ದೇನೆ ಎಂದುಕೊಳ್ಳಿರಿ.

ಹಾಗಾದರೆ ಬೇಗ ಬೆಳೆಯುವ ಮರದಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಅದಕ್ಕೂ ಉದಾಹರಣೆಗಳನ್ನು ಕೊಡುತ್ತೇನೆ.

ರಬ್ಬರಿನ ಮರವನ್ನು ತೆಗೆದುಕೊಳ್ಳಿರಿ. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಬತ್ತಿದ ಮರವನ್ನು ಹಿಂದೆ ಸೌದೆಗಷ್ಟೇ ಒಟ್ಟುತ್ತಿದ್ದರು, ಏಕೆಂದರೆ ಕೊಯ್ದ ಕೆಲವೇ ದಿನಗಳಲ್ಲಿ ಅದಕ್ಕೆ ಬೂಷ್ಟು, ಹುಳು ಹಿಡಿಯುತ್ತಿತ್ತು. ಬೋರಾನಿನ ಲವಣದ ದ್ರಾವಣವನ್ನು ಅದರೊಳಕ್ಕೆ ಇಳಿಸಿ, ಒಲೆಮನೆಯಲ್ಲಿ ಹದವಾಗಿ ಒಣಗಿಸುವ ವಿದ್ಯೆ ಬಂದಮೇಲೆ ಮಲೇಶಿಯ ದೇಶ ಅದರಿಂದಲೇ ಕುರ್ಚಿ-ಮೇಜುಗಳ ದೊಡ್ಡ ಉದ್ಯಮವನ್ನು ಕಟ್ಟಿತು. ಕೇರಳದ ಪೆರುಂಬಾವೂರಿನ ಪ್ಲೈವುಡ್ಡಿಗೂ ಇದೇ ಆಧಾರ. ನಮ್ಮ ಸುಳ್ಯ-ಪುತ್ತೂರುಗಳ ರಬ್ಬರಿಗೂ ಇದು ಸಲ್ಲುವ ಮಾತು. ಹಾಲಿನ ಬೆಳೆ ಮುಗಿದಮೇಲೆ ಮರದ ಬೆಳೆ. ಇದಕ್ಕಾಗಿ ಬೇರೆ ಕಾಡು ಕಡಿಯಬೇಕಾಗಿಲ್ಲ.

ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಇನ್ನೊಂದು. ನೆರಳು ಕೊಡುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದಾಗ ಹಣವಾಗುತ್ತದೆ. ಆದರೆ ಇಲ್ಲೊಂದು ಕೊಂಕೂ ಇದೆ. ಹಳೆಯ ಕಾಡುಮರಗಳನ್ನು ಕಡಿಯಲು ಕಾಯಿದೆಯ ತೊಡಕು ಹೆಚ್ಚು, ಸಿಲ್ವರ್ ಓಕಿಗೆ ಕಡಮೆ. ಆದ್ದರಿಂದ ಎಷ್ಟೋ ಮಂದಿ ಹಲಸು, ಬೀಟೆ, ನಂದಿಗಳ ಜಾಗದಲ್ಲಿ ಇದೊಂದನ್ನೇ ತುಂಬಿಸಿದರು. ನೂರು ಬಗೆಯ ನೆರಳು ಹೋಗಿ ಒಂದೇ ಬಗೆಯ ನೆರಳಾಯಿತು. ಜಾವಾ ದ್ವೀಪದಲ್ಲಿ ಸಣ್ಣ ರೈತರು 'ಸೆಂಗೋನ್' ಎಂಬ ಮರವನ್ನು ಬೇರೆ ಬೆಳೆಗಳ ನಡುವೆ ಬೆಳೆಸಿ, ಐದಾರು ವರ್ಷಕ್ಕೆ ಪ್ಲೈವುಡ್ ಕಾರ್ಖಾನೆಗೆ ಮಾರುತ್ತಾರೆ. ಮನೆಯ ಹಿತ್ತಿಲಿನ ಮರ ಅವರಿಗೆ ಮದುವೆ-ಮುಂಜಿಯ ಖರ್ಚಿಗೆ ಕೂಡಿಟ್ಟ ಹಣದಂತೆ.

ನಮ್ಮ ನೆರೆಯ ಅಂಬರನಾಥಕ್ಕೂ ಈ ಕಥೆಯಲ್ಲಿ ಪಾಲಿದೆ. ೧೯೨೦ರ ದಶಕದಲ್ಲಿ ಸ್ವೀಡನ್ನಿನ ಬಂಡವಾಳದಿಂದ ಅಲ್ಲಿ ವಿಮ್ಕೋ ಬೆಂಕಿಪೆಟ್ಟಿಗೆಯ ಕಾರ್ಖಾನೆ ಎದ್ದಿತು. ಕಡ್ಡಿಗೆ ಬೇಕಾದದ್ದು ಬೂರುಗದಂಥ ಮೆದುಮರ. ಕಾಡಿನಲ್ಲಿ ಅದು ವಿರಳವಾದಾಗ, ಎಂಬತ್ತರ ದಶಕದಲ್ಲಿ ಆ ಕಂಪನಿ ಉತ್ತರಪ್ರದೇಶದ ತರಾಯಿಯ ರೈತರಿಗೆ ಪಾಪ್ಲರ್ ಸಸಿ ಕೊಟ್ಟು, ಬ್ಯಾಂಕಿನ ಸಾಲ ಕೊಡಿಸಿ, ಬೆಳೆದ ಮರವನ್ನು ತಾನೇ ಕೊಳ್ಳುವ ಏರ್ಪಾಡು ಮಾಡಿತು. ರೈತರು ಗೋಧಿ-ಕಬ್ಬಿನ ನಡುವೆಯೇ ಅದನ್ನು ಬೆಳೆದು ಹಣ ಕಂಡರು. ನೋಡಿದವರೆಲ್ಲರೂ ನೆಟ್ಟರು. ಎಲ್ಲರೂ ನೆಟ್ಟಾಗ ಆಗಬೇಕಾದದ್ದೇ ಆಯಿತು: ೨೦೦೦ದ ದಶಕದ ಮೊದಲ ವರ್ಷಗಳಲ್ಲಿ ಬೆಲೆ ಕುಸಿಯಿತು. ಮುಂದೆ ಚೇತರಿಸಿಕೊಂಡಿತೆನ್ನಿ, ಆದರೆ ಆ ವರ್ಷಗಳಲ್ಲಿ ಸಾಲ ತೀರಿಸಬೇಕಾದವನಿಗೆ ಆ ಸಮಾಧಾನ ಸಾಲದು. ಏಳು ವರ್ಷದ ಮುಂದಿನ ಬೆಲೆಯನ್ನು ಯಾವ ದಲ್ಲಾಳಿಯೂ ಹೇಳಲಾರ, ಹೇಳುವವನನ್ನು ನಂಬಬೇಡಿರಿ.

ಈಗ ನಿಮ್ಮ ಮನೆಯೊಳಕ್ಕೆ ಬರೋಣ. ಡೊಂಬಿವಲಿಯ ಹೊಸ ಬ್ಲಾಕಿನಲ್ಲಿ ತೇಗದ ಹಲಗೆ ಕಾಣುವುದು ಅಪರೂಪ. ಅಡಿಗೆಮನೆಯ ಕಪಾಟು, ಮಂಚ, ಬಾಗಿಲು ಎಲ್ಲವೂ ಪ್ಲೈವುಡ್. ಪ್ಲೈವುಡ್ ಎಂದರೇನು? ದಿಮ್ಮಿಯನ್ನು ತಿರುಗಿಸುತ್ತ, ಪೆನ್ಸಿಲು ಕೆತ್ತಿದಂತೆ, ಅಗಲವಾದ ಅಲಗಿನಿಂದ ತೆಳ್ಳನೆಯ ಹಾಳೆ ಸುಲಿಯುತ್ತಾರೆ. ಒಂದು ಹಾಳೆಯ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ, ಹೀಗೆ ಮೂರು, ಐದು, ಏಳು ಹಾಳೆಗಳನ್ನು ಅಂಟಿನಿಂದ ಕೂಡಿಸಿ ಬಿಸಿಯಲ್ಲಿ ಒತ್ತುತ್ತಾರೆ. ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚುತ್ತದೆ. ಒಂಟಿಯಾಗಿ ಸೀಳುವ, ಬಾಗುವ ಎಳೆಯ ಮರ ಹೀಗೆ ಕೂಡಿದಾಗ ಗಟ್ಟಿಯಾಗುತ್ತದೆ. ಸಂಘ ಕಟ್ಟಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೯೬ರ ಡಿಸೆಂಬರಿನಲ್ಲಿ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಡು ಕಡಿಯುವುದಕ್ಕೆ ಬಿಗಿಯಾದ ತಡೆ ಹಾಕಿತು. ಅಸ್ಸಾಮಿನ ಕಡೆಯ ಪ್ಲೈವುಡ್ ಕಾರ್ಖಾನೆಗಳು ನಿಂತುವು. ಹರಿಯಾಣದ ಯಮುನಾನಗರದಲ್ಲಿ, ರೈತರ ಪಾಪ್ಲರ್ ಮತ್ತು ನೀಲಗಿರಿಯ ಮೇಲೆ, ಹೊಸ ಕಾರ್ಖಾನೆಗಳು ಬೆಳೆದುವು. ೨೦೧೪ರಲ್ಲಿ ಬರ್ಮಾ ದೇಶ ದಿಮ್ಮಿಗಳ ರಫ್ತನ್ನು ನಿಲ್ಲಿಸಿದಾಗ, ಮೇಲ್ಹಾಳೆಗೆ ಬರುತ್ತಿದ್ದ ಗರ್ಜನ್ ಮರವೂ ದುರ್ಲಭವಾಯಿತು. ಎಂದರೆ ಇಂದು ನಿಮ್ಮ ಕಪಾಟಿನ ಒಡಲಲ್ಲಿರುವುದು ಹೆಚ್ಚಾಗಿ ಯಾವನೋ ಸಣ್ಣ ರೈತ ತನ್ನ ಹೊಲದಲ್ಲಿ ಬೆಳೆದ ಎಳೆಯ ಮರ. ಬೆಂಗಳೂರಿನಲ್ಲಿ ೧೯೬೨ರಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾ ಸಂಸ್ಥೆ, ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಗಳು ಇಂಥ ಮರಗಳನ್ನು ಬಳಕೆಗೆ ತರುವ ವಿದ್ಯೆಯಲ್ಲಿ ಬಹಳ ದುಡಿದಿವೆ. ಕನ್ನಡ ನಾಡು ಹೆಮ್ಮೆಪಡಬಹುದಾದ ಕೆಲಸವಿದು.

ಇಲ್ಲಿಂದ ಎರಡು ಕರ್ತವ್ಯಗಳು ಹುಟ್ಟುತ್ತವೆ. ಒಂದು ಪಟ್ಟಣದವರಾಗಿ, ಇನ್ನೊಂದು ಹೊಲದ ಒಡೆಯರಾಗಿ.

ಪಟ್ಟಣದವರಾಗಿ ನಾವು ಮಾಡಬೇಕಾದದ್ದು, ಕೊಂಡ ಮರವನ್ನು ಬಹುಕಾಲ ಬಾಳಿಸುವುದು. ಆರು ವರ್ಷಕ್ಕೆ ಬೆಳೆದ ಮರದ ಕಪಾಟು ಮೂರೇ ವರ್ಷಕ್ಕೆ ಹಾಳಾದರೆ ಯಾವ ರೈತನೂ ಯಾವ ಕಾಡೂ ನಮ್ಮನ್ನು ಪೂರೈಸಲಾರದು. ನಮ್ಮದು ಖಾಡಿಯ ಸೀಮೆ. ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ನೀರು ತಾಗುವ ಕಡೆ ಅಗ್ಗದ ಹಲಗೆ ಹಾಕಿಸಬೇಡಿರಿ. ಐ.ಎಸ್. ೩೦೩ ಎಂಬ ಮುದ್ರೆಯಲ್ಲಿ ಬಿಸಿನೀರು ತಡೆಯುವ ದರ್ಜೆಯೂ ಉಂಟು, ಬರಿಯ ತೇವ ತಡೆಯುವ ದರ್ಜೆಯೂ ಉಂಟು, ಕೇಳಿ ಕೊಳ್ಳಿರಿ. ಐ.ಎಸ್. ೭೧೦ ಎಂಬುದು ಹಡಗಿನ ದರ್ಜೆ. ಕೊಯ್ದ ಅಂಚುಗಳನ್ನು ಬಣ್ಣದಿಂದಲೋ ಪಟ್ಟಿಯಿಂದಲೋ ಮುಚ್ಚಿಸಿರಿ. ನೀರು ನುಗ್ಗುವುದು ಅಂಚಿನಿಂದಲೇ. ಇನ್ನೊಂದು ಮಾತು. ಠಾಣೆ, ಡೊಂಬಿವಲಿಗಳಲ್ಲಿ ಹಳೆಯ ಕಟ್ಟಡಗಳನ್ನು ಕೆಡವಿ ಹೊಸತು ಕಟ್ಟುವ ಕಾಲವಿದು. ಐವತ್ತು ಅರವತ್ತು ವರ್ಷದ ಹಿಂದಿನ ತೇಗದ ಬಾಗಿಲುವಾಡ, ಕಿಟಕಿಯ ಚೌಕಟ್ಟುಗಳನ್ನು ಭಂಗಾರಿಯವನಿಗೆ ಕವಡೆಯ ಬೆಲೆಗೆ ಒಪ್ಪಿಸುತ್ತೇವೆ. ಬಣ್ಣ ಕೆರೆದು ನೋಡಿರಿ. ಒಳಗೆ ನೂರು ವರ್ಷ ಬಾಳುವ ಮರವಿದೆ. ಅದನ್ನು ಕೊಯ್ಯಿಸಿ ದೇವರ ಮಂಟಪವನ್ನೋ ಪುಸ್ತಕದ ಕಪಾಟನ್ನೋ ಮಾಡಿಸಿದರೆ ಘಟ್ಟದ ಒಂದು ಮರ ಉಳಿದಂತೆ. ನ್ಹಾವಾ ಶೇವಾ ಬಂದರಿನಲ್ಲಿ ಸರಕಿನೊಡನೆ ಬಂದಿಳಿಯುವ ಪೈನ್ ಮರದ ಪೆ���್ಟಿಗೆಗಳೂ ಒಳ್ಳೆಯ ಹಲಗೆಯೇ. ನಮ್ಮ ಹಿಂದಿನವರು ಚಾಳಿನ ಖೋಲಿಗಳಲ್ಲಿ ಪೆಟ್ಟಿಗೆಯ ಹಲಗೆಯಿಂದಲೇ ಸಂಸಾರ ಹೂಡಿದವರಲ್ಲವೆ?

ಹೊಲದ ಒಡೆಯರಾಗಿ ಮಾಡಬೇಕಾದದ್ದನ್ನು, ನನ್ನ ತಮ್ಮನಿಗೆ ಕೊಟ್ಟ ಉತ್ತರದ ರೂಪದಲ್ಲಿಯೇ ಹೇಳುತ್ತೇನೆ. ಅವನು ಹೇಳಿದ್ದು ಹೆಬ್ಬೇವಿನ ವಿಚಾರ. ಅದು ನಮ್ಮ ಘಟ್ಟದ್ದೇ ಮರ, ಆರರಿಂದ ಎಂಟು ವರ್ಷಕ್ಕೆ ಪ್ಲೈವುಡ್ಡಿನ ಸುಲಿಗೆಗೆ ಬರುತ್ತದೆ, ಮರ ಕೆಟ್ಟದ್ದಲ್ಲ. ಆದರೆ ನಮ್ಮ ಹೊಲವನ್ನು ಎರಡು ತಲೆಮಾರಿನಿಂದ ಪಾಲಿಗೆ ಮಾಡುತ್ತ ಬಂದ ಮನೆಯೊಂದಿದೆ. ನಮ್ಮ ತಂದೆ ತೀರಿಕೊಂಡಾಗ ನಾನು ಗಾಡಿ ಹಿಡಿದು ಊರು ಮುಟ್ಟುವ ಮುಂಚೆ ಕಟ್ಟಿಗೆ ಹೊಂದಿಸಿದವರು ಆ ಮನೆಯವರು. ನಾಲ್ಕೂ ಎಕರೆಗೆ ಗಿಡ ಹಚ್ಚಿದರೆ ಮರುದಿನವೇ ಅವರ ಒಲೆ ಆರುತ್ತದೆ. ನಾಳೆ ಅವರ ಮಗನೂ ಕೆಲಸ ಹುಡುಕುತ್ತ ಈ ಡೊಂಬಿವಲಿಯ ಪ್ಲಾಟ್‌ಫಾರಮ್ಮಿನ ಮೇಲೆ ಇಳಿಯುತ್ತಾನೆ. ನಮ್ಮ ಹಾಗೆ ಬರಲಿ, ಬೇಡವೆನ್ನುವುದಿಲ್ಲ. ಆದರೆ ನಾವು ದೂಡಿ ಬರಬಾರದು.

ಆದ್ದರಿಂದ ಹೀಗೆ ಬರೆದೆ: ಜೋಳ, ಶೇಂಗಾ ಬೆಳೆಯುವ ನೆಲವನ್ನು ಮುಟ್ಟಬೇಡ. ಬದುಗಳ ಮೇಲೂ, ಹಳ್ಳದ ಅಂಚಿನ ಅರ್ಧ ಎಕರೆ ಗರಸು ನೆಲದಲ್ಲೂ ಗಿಡ ಹಚ್ಚು. ಒಂದೇ ಜಾತಿ ಬೇಡ. ಹೆಬ್ಬೇವಿನ ಸಾಲಿನಲ್ಲಿ ನಡುನಡುವೆ ಹುಣಸೆ, ಮಾವು, ನೇರಳೆ, ಹೊನ್ನೆ, ಮೂಲೆಯಲ್ಲಿ ನಾಲ್ಕು ಮೆಳೆ ಬಿದಿರು. ಎಲ್ಲವನ್ನೂ ಒಂದೇ ವರ್ಷ ಹಚ್ಚದೆ ವರ್ಷಕ್ಕೊಂದು ಸಾಲು ಹಚ್ಚು. ಆಗ ವರ್ಷಕ್ಕೊಂದು ಸಾಲು ಕಡಿಯಬಹುದು, ಒಂದು ವರ್ಷ ಬೆಲೆ ಬಿದ್ದರೂ ಮುಳುಗುವುದಿಲ್ಲ. ಹಚ್ಚುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಯಾವುದನ್ನು ಕಡಿಯಲು ಪರವಾನಗಿ ಬೇಕು, ಯಾವುದಕ್ಕೆ ಬೇಡ ಎಂದು ಕೇಳಿ ಬರೆದುಕೋ. ೧೯೭೬ರ ಮರಗಳ ಸಂರಕ್ಷಣಾ ಕಾಯಿದೆಯಲ್ಲಿ ಸರ್ವೆ, ಸುಬಾಬುಲ್, ಸಿಲ್ವರ್ ಓಕುಗಳಂಥ ಕೆಲವಕ್ಕೆ ವಿನಾಯಿತಿಯಿದೆ, ತೇಗಕ್ಕಿಲ್ಲ. ಹೊಲದ ಬಿದಿರನ್ನು ಮರವೆಂದು ಎಣಿಸುವ ತೊಡಕು ಕೇಂದ್ರದ ಕಾಯಿದೆಯಲ್ಲಿ ೨೦೧೭ರ ತಿದ್ದುಪಡಿಯಿಂದ ಹೋಗಿದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಸರಕಾರ ಹಣ ಕೊಡುತ್ತದೆ, ಅದನ್ನೂ ವಿಚಾರಿಸು. ಕೊನೆಯದಾಗಿ, ಮರದಿಂದ ಬಂದದ್ದರಲ್ಲಿ ಪಾಲಿನ ಮನೆಯವರಿಗೂ ಪಾಲು. ಗಿಡಕ್ಕೆ ನೀರು ಹಾಕುವವರು, ದನ ಓಡಿಸುವವರು ಅವರು, ನಾವಲ್ಲ.

ತಮ್ಮ ಮೊದಲು ಸ್ವಲ್ಪ ಗೊಣಗಿದ. "ನೀ ಅಲ್ಲಿ ಕುಂತು ಹೇಳತಿ" ಎಂದ. ಅದು ನಿಜವೇ, ಇಲ್ಲಿ ಕುಳಿತು ಹೇಳುವುದು ಸುಲಭ. ಆದ್ದರಿಂದ ಮೊದಲ ಮೂರು ವರ್ಷ ಸಸಿ, ಬೇಲಿಗಳ ಖರ್ಚು ನನ್ನದೆಂದು ಒಪ್ಪಿಕೊಂಡೆ. ಕಳೆದ ಮಿರಗದಲ್ಲಿ ಮೊದಲ ಸಾಲು ಹಚ್ಚಿದ್ದಾರೆ. ಪಾಲಿನ ಮನೆಯ ಹುಡುಗ ತನ್ನ ಫೋನಿನಲ್ಲಿ ಚಿತ್ರ ಕಳಿಸಿದ್ದ: ಬದುವಿನ ಮೇಲೆ ಮೊಣಕಾಲೆತ್ತರದ ಗಿಡಗಳು, ಪಕ್ಕದಲ್ಲಿ ಶೇಂಗಾ ಹೂ ಬಿಟ್ಟಿದೆ. ಈ ಸಲ ನನ್ನ ಸಸಿಗಳು ಯಾವ ನೆಲದಲ್ಲಿವೆ ಎಂಬುದು ನನಗೆ ಗೊತ್ತು.

ಮಹಾಜನರೆ, ನಾಡು ಎಂದರೆ ನುಡಿ ಮಾತ್ರವಲ್ಲ, ನೆಲವೂ ಹೌದು. ಇಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದರಿಂದ ನುಡಿಯ ಋಣ ಸ್ವಲ್ಪ ತೀರೀತು. ನೆಲದ ಋಣ ತೀರುವುದು ನಾವು ದೂರದಿಂದ ಕೊಡುವ ಒಂದು 'ಹೂಂ' ಅಥವಾ 'ಊಹೂಂ' ಎಂಬುದರಲ್ಲಿದೆ. ಮುಂದಿನ ಸಲ ಊರಿನಿಂದ ಫೋನು ಬಂದಾಗ, ಎಷ್ಟು ಲಕ್ಷ ಬರುತ್ತದೆ ಎಂದು ಕೇಳುವ ಮುಂಚೆ, ಆ ಹೊಲದಲ್ಲಿ ಈಗ ಯಾರು ದುಡಿಯುತ್ತಿದ್ದಾರೆ, ಬಾವಿಯಲ್ಲಿ ನೀರೆಷ್ಟಿದೆ, ಮರವನ್ನು ಕೊಳ್ಳುವವರು ಯಾರು, ಈ ಮೂರು ಪ್ರಶ್ನೆಗಳನ್ನು ಕೇಳಿರೆಂದು ಬೇಡಿಕೊಳ್ಳುತ್ತೇನೆ.

 ಕೊನೆಯ ಗಾಡಿಗೆ ಇನ್ನೂ ಹೊತ್ತಿದೆಯಾದರೂ ಊಟದ ಹೊತ್ತು ಮೀರುತ್ತಿದೆ. 

ಸಿರಿಗನ್ನಡಂ ಗೆಲ್ಗೆ.